‘ನಮ್ಮಲ್ಲಿ ಸರಿಯಾಗೇ ಇದೆಯಲ್ಲ!’: ಮಲೆನಾಡಿನ ಬಗ್ ರಿಪೋರ್ಟ್ ಓದೋರು ಯಾರು?

ಸಾಫ್ಟ್‌ವೇರ್ ಮಂದಿ ನಡುವೆ ಒಂದು ಹಳೇ ಜೋಕ್ ಇದೆ. ಬಳಕೆದಾರ ಬಂದು ‘ಇದು ಕೆಲಸ ಮಾಡ್ತಿಲ್ಲ’ ಅಂತಾನೆ. ಡೆವಲಪರ್ ತನ್ನ ಲ್ಯಾಪ್‌ಟಾಪ್ ಕಡೆ ಒಮ್ಮೆ ನೋಡಿ, ‘ನಮ್ಮಲ್ಲಿ ಸರಿಯಾಗೇ ಇದೆಯಲ್ಲ’ ಅಂದು ಮತ್ತೆ ಕೆಲಸಕ್ಕೆ ತಿರುಗ್ತಾನೆ. ಇದು ಬರೀ ಜೋಕ್ ಆಗಿ ಉಳಿದಿಲ್ಲ. ಫೈರ್‌ಫಾಕ್ಸ್ ಕಟ್ಟಿದ ಮೊಜಿಲ್ಲಾದವರು ತಂತ್ರಾಂಶದ ದೋಷಗಳ ಲೆಕ್ಕ ಇಡೋಕೆ ಬಗ್‌ಜಿಲ್ಲಾ ಅನ್ನೋ ವ್ಯವಸ್ಥೆ ಮಾಡಿಕೊಂಡರು. ಅದರಲ್ಲಿ ಒಂದು ದೂರನ್ನು ಮುಕ್ತಾಯ ಮಾಡುವಾಗ ಕಾರಣ ಕೊಡಬೇಕು: ಸರಿಪಡಿಸಿದೆವು, ಈ ದೂರು ಮೊದಲೇ ಬಂದಿದೆ, ಸರಿಪಡಿಸೋದಿಲ್ಲ, ಹೀಗೆ. ಆ ಪಟ್ಟಿಯಲ್ಲಿ ‘ವರ್ಕ್ಸ್ ಫಾರ್ ಮಿ’ ಅನ್ನೋದೂ ಅಧಿಕೃತವಾಗಿ ಇದೆ. ನನಗೆ ಸರಿಯಾಗೇ ಇದೆ, ದೂರು ಮುಕ್ತಾಯ.

ಎಂಜಿನಿಯರಿಂಗ್ ಮುಗಿಸಿ ಪತ್ರಿಕೋದ್ಯಮಕ್ಕೆ ಬರುವ ಮುಂಚೆ ಕೆಲ ಕಾಲ ನಾನು ತಂತ್ರಾಂಶ ಪರೀಕ್ಷೆ ಮಾಡೋ ಕೆಲಸದಲ್ಲಿದ್ದೆ. ಅಲ್ಲಿ ಕಲಿತ ಒಂದು ವಿಷಯ ಈಗ ರಾಜಕೀಯ ಬರೆಯುವಾಗಲೂ ಉಪಯೋಗಕ್ಕೆ ಬರ್ತಿದೆ. ಬಗ್‌ಜಿಲ್ಲಾದಲ್ಲಿ ಡೆವಲಪರ್ ‘ನನಗೆ ಸರಿಯಾಗೇ ಇದೆ’ ಅಂತ ಬಾಗಿಲು ಹಾಕಿದರೂ ಆ ದೂರು ಎಲ್ಲರ ಕಣ್ಣಿಗೂ ಕಾಣುವಂತೆ ಅಲ್ಲೇ ಇರುತ್ತೆ. ಜಗತ್ತಿನ ಇನ್ಯಾವುದೋ ಮೂಲೆಯವನು ಬಂದು ‘ನನಗೂ ಹೀಗೇ ಆಗ್ತಿದೆ, ನೋಡಿ’ ಅಂತ ಕೆಳಗೆ ಬರೆಯಬಹುದು. ಮೂರನೆಯವಳು ಕಾರಣ ಹುಡುಕಿಕೊಡಬಹುದು. ಬಾಗಿಲು ಮತ್ತೆ ತೆಗೆಯಲೇಬೇಕಾಗುತ್ತೆ.

ನಮ್ಮ ಸರ್ಕಾರಗಳು ಈ ಜಗತ್ತಿನಿಂದ ಆ್ಯಪ್ ತಂದವು, ಸರ್ವರ್ ತಂದವು, ಡ್ಯಾಶ್‌ಬೋರ್ಡ್ ತಂದವು. ‘ನಮ್ಮಲ್ಲಿ ಸರಿಯಾಗೇ ಇದೆ’ ಅನ್ನೋ ಉತ್ತರವನ್ನೂ ತಂದವು. ದೂರುಗಳ ಆ ಬಹಿರಂಗ ಪಟ್ಟಿಯನ್ನು ಮಾತ್ರ ತರಲಿಲ್ಲ. ಇದರ ಬೆಲೆ ಯಾರು ಕಟ್ಟುತ್ತಿದ್ದಾರೆ ಅಂತ ನೋಡಬೇಕಾದರೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳಿಗಿಂತ ಒಳ್ಳೆಯ ಜಾಗ ಕರ್ನಾಟಕದಲ್ಲಿ ಕಡಿಮೆ.

ಬಯಲಿನ ಲೆಕ್ಕ, ಘಟ್ಟದ ಮನೆ

ಪ್ರತಿ ತಂತ್ರಾಂಶದ ಹೊಟ್ಟೆಯಲ್ಲೂ ಕೆಲವು ಊಹೆಗಳಿರುತ್ತವೆ. ಹಳ್ಳಿ ಅಂದರೆ ಒಂದು ಕಡೆ ಒತ್ತಾಗಿ ಇರುವ ಮನೆಗಳು. ಮೊಬೈಲ್ ಕೈಯಲ್ಲಿದ್ದರೆ ಸಿಗ್ನಲ್ ಇರುತ್ತೆ. ಒಟಿಪಿ ಅರ್ಧ ನಿಮಿಷದಲ್ಲಿ ಬರುತ್ತೆ. ಒಬ್ಬ ಮನುಷ್ಯನ ಹೆಸರು ಎಲ್ಲ ದಾಖಲೆಯಲ್ಲೂ ಒಂದೇ ಥರ ಇರುತ್ತೆ. ಬೆರಳು ಒತ್ತಿದರೆ ಗೆರೆ ಮೂಡುತ್ತೆ.

ಈಗ ಶರಾವತಿ ಹಿನ್ನೀರಿನ ಆಚೆಗಿನ ಕರೂರು, ಬಾರಂಗಿ ಹೋಬಳಿಗಳನ್ನು ನೆನೆಸಿಕೊಳ್ಳಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ ಈ ಊರುಗಳಿಗೂ ಸಾಗರ ಪೇಟೆಗೂ ನಡುವೆ ನೀರು ನಿಂತಿತು. 2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆ ಆಗುವ ತನಕ ಜನ ಲಾಂಚ್ ಕಾಯುತ್ತಾ ಬದುಕಿದರು. ಇಲ್ಲಿ ಒಂದು ‘ಗ್ರಾಮ’ ಅಂದರೆ ಗುಡ್ಡಕ್ಕೊಂದು, ಕಣಿವೆಗೊಂದು ಹರಡಿಕೊಂಡ ಮನೆಗಳು. ಹೊಸನಗರದ ನಗರ, ಮಾಸ್ತಿಕಟ್ಟೆ ಕಡೆಯೂ ಅದೇ, ತೀರ್ಥಹಳ್ಳಿಯ ಆಗುಂಬೆ ಕಡೆಯೂ ಅದೇ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಟವರಿನ ಬ್ಯಾಟರಿ ಇರುವಷ್ಟು ಹೊತ್ತು ಮಾತ್ರ ಸಿಗ್ನಲ್. ಅಡಿಕೆ ಸುಲಿದು ಸುಲಿದು ಸವೆದ ಬೆರಳನ್ನು ನ್ಯಾಯಬೆಲೆ ಅಂಗಡಿಯ ಯಂತ್ರ ಗುರುತಿಸಲು ಒಪ್ಪಲ್ಲ. ಪಹಣಿಯಲ್ಲಿ ‘ಈರಪ್ಪ ಬಿನ್ ತಿಮ್ಮ’ ಆಗಿದ್ದವರು ಆಧಾರ್‌ನಲ್ಲಿ ‘ವೀರಪ್ಪ ಟಿ’ ಆಗಿರ್ತಾರೆ. ಊರಿಗೆಲ್ಲ ಗೊತ್ತು, ಇಬ್ಬರೂ ಒಬ್ಬರೇ ಅಂತ. ತಂತ್ರಾಂಶಕ್ಕೆ ಗೊತ್ತಿಲ್ಲ.

ಇದರಲ್ಲಿ ಒಂದೂ ಅಪರೂಪದ ಸಂಗತಿ ಅಲ್ಲ. ಮೂರೂ ತಾಲೂಕಿನ ಯಾವ ಶಾಲಾ ಮಾಸ್ತರರನ್ನು ಕೇಳಿದ್ದರೂ ಹೇಳ್ತಿದ್ದರು. ಕೇಳಿಲ್ಲ, ಅಷ್ಟೆ.

2025ರ ಸೆಪ್ಟೆಂಬರ್ 22ರಂದು ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾದಾಗ ಏನಾಯ್ತು ನೆನಪಿದೆಯಲ್ಲ? ವಿದ್ಯುತ್ ಮೀಟರ್ ಆಧಾರದಲ್ಲಿ ಮನೆಗಳನ್ನು ಗುರುತಿಸಿ, ಶಿಕ್ಷಕರ ಕೈಗೆ ಆ್ಯಪ್ ಕೊಟ್ಟು ಕಳಿಸಿದರು. ಮೊದಲ ದಿನಗಳಲ್ಲೇ ಸರ್ವರ್ ತೊಂದರೆ, ಒಟಿಪಿ ತೊಂದರೆ, ತೋರಿಸಿದ ಜಾಗದಲ್ಲಿ ಇಲ್ಲದ ಮನೆ. ಅಕ್ಟೋಬರ್ 7ಕ್ಕೆ ಮುಗಿಯಬೇಕಿದ್ದದ್ದರ ಗಡುವು ಮೊದಲು ಅಕ್ಟೋಬರ್ 18ಕ್ಕೆ ಹೋಯ್ತು, ಸಮೀಕ್ಷೆಗಾಗಿ ಶಾಲೆಗಳ ರಜೆಯನ್ನೇ ವಿಸ್ತರಿಸಬೇಕಾಯ್ತು. ಈ ಸಮೀಕ್ಷೆ ಬೇಕು ಅನ್ನುವವರಲ್ಲಿ ನಾನೂ ಒಬ್ಬ. ಆ ಕಾರಣಕ್ಕೇ ಈ ಮಾತು: ಕಾಡಂಚಿನ ಒಂಟಿ ಮನೆಗಳು, ಮೀಟರ್ ಇಲ್ಲದ ಗುಡಿಸಲುಗಳು ಲೆಕ್ಕದಿಂದ ಜಾರಿದರೆ ಸಾಮಾಜಿಕ ನ್ಯಾಯದ ಅಂಕಿಅಂಶವೇ ಸೊಟ್ಟಗಾಗುತ್ತೆ. ತಂತ್ರಾಂಶದ ದೋಷ ಅಲ್ಲಿ ಬರೀ ತಾಂತ್ರಿಕ ಸಮಸ್ಯೆಯಾಗಿ ಉಳಿಯಲ್ಲ.

ಅರ್ಜಿಯೇ ಬೇರೆ, ಬಗ್ ರಿಪೋರ್ಟೇ ಬೇರೆ

‘ದೂರು ಹೇಳೋಕೆ ವ್ಯವಸ್ಥೆ ಇದೆಯಲ್ಲ’ ಅಂತ ನೀವು ಕೇಳಬಹುದು. ಇದೆ, ಬೇಕಾದಷ್ಟಿದೆ. ರಾಜ್ಯದಲ್ಲಿ ಜನಸ್ಪಂದನದ 1902 ಸಹಾಯವಾಣಿ. ಕೇಂದ್ರದಲ್ಲಿ ಸಾರ್ವಜನಿಕ ಕುಂದುಕೊರತೆಗಳ ಪೋರ್ಟಲ್, ಅಲ್ಲಿ ದೂರನ್ನು 21 ದಿನದೊಳಗೆ ಬಗೆಹರಿಸಬೇಕು ಅಂತ 2024ರ ಆಗಸ್ಟ್‌ನಲ್ಲಿ ಹೊಸ ಮಾರ್ಗಸೂಚಿ ಬಂತು. ಇವುಗಳ ಜೊತೆಗೆ ನಮ್ಮಲ್ಲಿ 2011ರ ಸಕಾಲ ಕಾಯ್ದೆ ಇದೆ. ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳುವ ಹಕ್ಕು ಕೊಟ್ಟ ಕಾಯ್ದೆ ಅದು. ಆ ಕಾಲಕ್ಕೆ ದೊಡ್ಡ ಹೆಜ್ಜೆ.

ಆದರೆ ಇವೆಲ್ಲವೂ ಅಳೆಯೋದು ಒಂದೇ: ನಿಮ್ಮ ಅರ್ಜಿ ಎಷ್ಟು ದಿನದಲ್ಲಿ ವಿಲೇವಾರಿ ಆಯ್ತು. ತಿರಸ್ಕಾರ ಆದರೂ ಅದು ವಿಲೇವಾರಿಯೇ. ‘ಸಂಬಂಧಿಸಿದ ಇಲಾಖೆಗೆ ರವಾನಿಸಲಾಗಿದೆ’ ಅಂದರೂ ಕಡತ ಒಂದು ಮೇಜಿನಿಂದ ಇಳಿದ ಹಾಗೇ. ಸಕಾಲದ ಗಡಿಯಾರವಂತೂ ಓಡೋಕೆ ಶುರುವಾಗೋದೇ ಅರ್ಜಿ ಸ್ವೀಕೃತವಾಗಿ ಸಂಖ್ಯೆ ಸಿಕ್ಕ ಮೇಲೆ. ಸರ್ವರ್ ಡೌನ್ ಅಂತ ಅರ್ಜಿಯೇ ಹೋಗದೆ ಇದ್ದವರ ದಿನಗಳು ಯಾರ ಲೆಕ್ಕದಲ್ಲೂ ಇಲ್ಲ.

ಅರ್ಜಿ ಅನ್ನೋದು ಒಬ್ಬ ವ್ಯಕ್ತಿಯ ಬೇಡಿಕೆ. ನನಗೆ ಪಿಂಚಣಿ ಬಂದಿಲ್ಲ, ಕೊಡಿಸಿ ಸ್ವಾಮಿ. ಅಧಿಕಾರಿ ಮನಸ್ಸು ಮಾಡಿದರೆ ಕೊಡಿಸ್ತಾರೆ, ಕೈ ಮುಗಿದು ಬರಬೇಕು. ಬಗ್ ರಿಪೋರ್ಟ್ ಹೇಳೋದು ವ್ಯವಸ್ಥೆಯ ಬಗ್ಗೆ: ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸ ಇದ್ದರೆ ನಿಮ್ಮ ತಂತ್ರಾಂಶ ಅರ್ಹರನ್ನು ಹೊರಗಿಡ್ತಿದೆ, ಹೀಗೆ ಹೀಗೆ ಮಾಡಿದರೆ ಯಾರಿಗೆ ಬೇಕಾದರೂ ಕಾಣುತ್ತೆ. ಇದರಲ್ಲಿ ದಯೆ ಕೇಳುವಂಥದ್ದು ಏನೂ ಇಲ್ಲ. ಸತ್ಯವೋ ಸುಳ್ಳೋ ಪರೀಕ್ಷಿಸಬಹುದಾದ ಒಂದು ಹೇಳಿಕೆ ಅದು.

ನಾನೂರು ಜನ ಒಂದೇ ದೋಷಕ್ಕೆ ಸಿಕ್ಕಿಬಿದ್ದರು ಅಂದುಕೊಳ್ಳಿ. ಅರ್ಜಿ ವ್ಯವಸ್ಥೆಯಲ್ಲಿ ಅದು ನಾನೂರು ಬಿಡಿ ಕಡತ. ನಾನೂರೂ ಗಡುವಿನೊಳಗೆ ಮುಚ್ಚಿದರೆ ಇಲಾಖೆಗೆ ಶಹಬ್ಬಾಸ್. ನಾನೂರ ಒಂದನೆಯವರು ಬಂದಾಗ ಅದೇ ಗುಂಡಿ ಅಲ್ಲೇ ಇರುತ್ತೆ. ಬಗ್ ಪಟ್ಟಿಯಲ್ಲಾದರೆ ಅದು ಒಂದೇ ದೋಷ, ನಾನೂರು ಸಾಕ್ಷಿ. ಸಾಕ್ಷಿ ಹೆಚ್ಚಾದಷ್ಟೂ ಸಾಲಿನಲ್ಲಿ ಮುಂದೆ ಬರುತ್ತೆ, ಮುಚ್ಚಬೇಕಾದರೆ ಏನು ಬದಲಿಸಿದೆವು ಅಂತ ಬರೆಯಬೇಕು.

ನಮ್ಮ ರಾಜಕಾರಣಕ್ಕೆ ಮೊದಲನೆಯದೇ ಹಿತ. ಜನತಾದರ್ಶನದಲ್ಲಿ ಒಬ್ಬ ಅಜ್ಜಿಯ ಪಿಂಚಣಿ ಸ್ಥಳದಲ್ಲೇ ಮಂಜೂರು ಮಾಡಿದರೆ ಫೋಟೊ ಬರುತ್ತೆ. ಆ ಅಜ್ಜಿಯಂಥ ಎಲ್ಲರನ್ನೂ ತಡೆದ ಒಂದು ಸಾಲು ಕೋಡ್ ತಿದ್ದಿದರೆ ಫೋಟೊ ಬರಲ್ಲ.

ರಿಪೇರಿ ಮಾಡ್ತಿರೋರು ಯಾರು?

ಇಷ್ಟೆಲ್ಲ ದೋಷ ಇದ್ದೂ ವ್ಯವಸ್ಥೆ ನಡೀತಿದೆ. ಹೇಗೆ? ಗ್ರಾಮ ಒನ್ ಕೇಂದ್ರದ ಹುಡುಗ, ನಾಡಕಚೇರಿಯ ಆಪರೇಟರ್, ಗ್ರಾಮ ಆಡಳಿತ ಅಧಿಕಾರಿ, ಆಶಾ ಕಾರ್ಯಕರ್ತೆ, ಪಂಚಾಯ್ತಿ ಬಿಲ್ ಕಲೆಕ್ಟರ್, ಇವರೆಲ್ಲ ಸೇರಿ ನಡೆಸ್ತಿದ್ದಾರೆ. ‘ಬೆಳಿಗ್ಗೆ ಆರಕ್ಕೆ ಟ್ರೈ ಮಾಡಿ, ಸರ್ವರ್ ಫ್ರೀ ಇರುತ್ತೆ.’ ‘ಇನಿಶಿಯಲ್ ಆದ್ಮೇಲೆ ಸ್ಪೇಸ್ ಕೊಡಬೇಡಿ, ತಗೊಳಲ್ಲ.’ ‘ಆ ಗುಡ್ಡದ ನೆತ್ತಿಗೆ ಹೋದ್ರೆ ಒಟಿಪಿ ಬರುತ್ತೆ.’ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಈ ಸಲಹೆಗಳೇ ಕರ್ನಾಟಕದ ಇ-ಆಡಳಿತದ ನಿಜವಾದ ಕೈಪಿಡಿ. ಇವರು ಸಂಬಳವಿಲ್ಲದ, ಹೆಸರಿಲ್ಲದ ಸಪೋರ್ಟ್ ಎಂಜಿನಿಯರ್‌ಗಳು.

ಈ ಜಾಣತನವನ್ನು ಮೆಚ್ಚಲೇಬೇಕು. ಅದರ ಅಪಾಯವನ್ನೂ ನೋಡಬೇಕು. ಕೆಳಗಿನವರು ದೋಷವನ್ನು ಸುತ್ತಿ ದಾಟಿದಷ್ಟೂ ಮೇಲಿನವರಿಗೆ ದೋಷ ಕಾಣಲ್ಲ. ಡ್ಯಾಶ್‌ಬೋರ್ಡ್ ಹಸಿರಾಗೇ ಇರುತ್ತೆ.

ನರೇಗಾ ಹಾಜರಿಯ ಎನ್‌ಎಂಎಂಎಸ್ ಆ್ಯಪ್ ಇದಕ್ಕೆ ಸರಿಯಾದ ಉದಾಹರಣೆ. 2021ರಲ್ಲಿ ಬಂದ ಇದನ್ನು 2023ರ ಜನವರಿ 1ರಿಂದ ಕಡ್ಡಾಯ ಮಾಡಿದರು. ಕೆಲಸದ ಜಾಗದಿಂದ ದಿನಕ್ಕೆ ಎರಡು ಸಲ ಕೂಲಿಕಾರರ ಫೋಟೊ, ಸಮಯ ಮತ್ತು ಸ್ಥಳದ ಗುರುತಿನ ಜೊತೆ ಏರಿಸಬೇಕಿತ್ತು. ಫೋಟೊ ಏರದಿದ್ದರೆ ಮಾಡಿದ ಕೆಲಸಕ್ಕೂ ಕೂಲಿ ಅನುಮಾನವಾಗಿತ್ತು. 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿ, ಸಂಬಂಧವಿಲ್ಲದ ಫೋಟೊ ಹಾಕ್ತಿದ್ದಾರೆ, ಫೋಟೊದ ಫೋಟೊ ತೆಗೆದು ಹಾಕ್ತಿದ್ದಾರೆ ಅಂತ ದುರ್ಬಳಕೆಯ ಪಟ್ಟಿ ಕೊಟ್ಟಿತು. ಇದರಲ್ಲಿ ಕಳ್ಳತನ ಖಂಡಿತ ಇದೆ. ಸಿಗ್ನಲ್ ಸಿಗದೆ, ಕೂಲಿ ತಪ್ಪಬಾರದು ಅಂತ ಮಾಡಿದ ಅಡ್ಡದಾರಿಯೂ ಇರಬಹುದು. ಎರಡನ್ನೂ ಬೇರೆ ಮಾಡೋದು ಹೇಗೆ? ಎಲ್ಲಿ, ಯಾವ ದಿನ, ಏನು ಕೈಕೊಟ್ಟಿತ್ತು ಅನ್ನೋ ಬಹಿರಂಗ ದಾಖಲೆ ಇದ್ದಿದ್ದರೆ ಸುಲಭವಿತ್ತು. ಅದಿಲ್ಲದೆ ಇಬ್ಬರೂ ಒಂದೇ ಕಟಕಟೆಯಲ್ಲಿ.

ಕೆಲವೊಮ್ಮೆ ಈ ಸಪೋರ್ಟ್ ಎಂಜಿನಿಯರ್‌ಗಳಿಗೂ ಸಾಕಾಗುತ್ತೆ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ರಾಜ್ಯದಾದ್ಯಂತ ಮುಷ್ಕರ ಹೂಡಿದರು. ಹತ್ತಾರು ಆ್ಯಪ್‌ಗಳ ಕೆಲಸ ಹೇರಿದ್ದೀರಿ, ಅದಕ್ಕೆ ಬೇಕಾದ ಮೊಬೈಲ್, ಲ್ಯಾಪ್‌ಟಾಪ್, ಇಂಟರ್ನೆಟ್ ಕೊಟ್ಟಿಲ್ಲ ಅನ್ನೋದು ಅವರ ಮುಖ್ಯ ದೂರುಗಳಲ್ಲೊಂದು. 2025ರ ಫೆಬ್ರವರಿಯಲ್ಲಿ ಮತ್ತೆ ಬೀದಿಗೆ ಬಂದರು. ಬಳಕೆದಾರರ ಅಭಿಪ್ರಾಯ ಹೇಳೋಕೆ ಬೇರೆ ದಾರಿ ಇಲ್ಲದಿದ್ದರೆ ಮುಷ್ಕರವೇ ದಾರಿ. ಸಾಗರ, ಹೊಸನಗರ ತಾಲೂಕಿನ ಹಳ್ಳಿಗಳಲ್ಲಿ 2021ರಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಅಂತ ಬೋರ್ಡು ಎದ್ದದ್ದೂ ಇದೇ ಕಾರಣಕ್ಕೆ. ಆನ್‌ಲೈನ್ ಕ್ಲಾಸಿಗೆ ಮಕ್ಕಳು ಗುಡ್ಡ ಹತ್ತಬೇಕಿದ್ದ ಕಾಲ ಅದು. ಒಂದು ಸಿಗ್ನಲ್ ಬರ್ತಿಲ್ಲ ಅಂತ ತಿಳಿಸೋಕೆ ನಾಗರಿಕರು ಮತವನ್ನೇ ಪಣಕ್ಕಿಡಬೇಕಾಯ್ತು ಅನ್ನೋದನ್ನು ಗಮನಿಸಿ.

‘ನಿಮಗೊಬ್ಬರಿಗೇ ಈ ಸಮಸ್ಯೆ’

ದೂರನ್ನು ಬಿಡಿ ಬಿಡಿಯಾಗಿ ಇಟ್ಟರೆ ಎಲ್ಲಿಗೆ ಮುಟ್ಟಬಹುದು ಅನ್ನೋದಕ್ಕೆ ಬ್ರಿಟನ್ನಿನ ಅಂಚೆ ಕಚೇರಿಯ ಕತೆ ಇದೆ. ಅಲ್ಲಿ ಹಳ್ಳಿ ಅಂಚೆ ಕಚೇರಿಗಳನ್ನು ನಡೆಸುವ ಉಪ ಅಂಚೆಪಾಲಕರಿಗೆ 1999ರಿಂದ ಹೊರೈಜನ್ ಅನ್ನೋ ಲೆಕ್ಕದ ತಂತ್ರಾಂಶ ಕೊಟ್ಟರು. ಕಟ್ಟಿದ್ದು ಫುಜಿತ್ಸು ಕಂಪನಿ. ಲೆಕ್ಕದಲ್ಲಿ ಇದ್ದಕ್ಕಿದ್ದಂತೆ ಹಣ ಕಮ್ಮಿ ತೋರಿಸೋಕೆ ಶುರುವಾಯ್ತು. ಸಹಾಯವಾಣಿಗೆ ಫೋನ್ ಮಾಡಿದ ಅನೇಕರಿಗೆ ಸಿಕ್ಕ ಉತ್ತರ: ಈ ಸಮಸ್ಯೆ ನಿಮಗೊಬ್ಬರಿಗೇ, ಬೇರೆ ಯಾರಿಂದಲೂ ದೂರು ಬಂದಿಲ್ಲ. ತಂತ್ರಾಂಶ ಸರಿಯಾಗಿದೆ ಅಂದಮೇಲೆ ಕಳ್ಳರು ಇವರೇ. 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯ್ತು. ಕೆಲವರು ಜೈಲಿಗೆ ಹೋದರು, ಎಷ್ಟೋ ಜನ ಮನೆ ಮಾರಿ ‘ಕೊರತೆ’ ತುಂಬಿದರು.

ಗೊತ್ತಿರುವ ದೋಷಗಳ ಪಟ್ಟಿ ಕಂಪನಿಯ ಒಳಗೆ ಇತ್ತು. ಹೊರಗಿನವರಿಗೆ ಕಾಣ್ತಿರಲಿಲ್ಲ. ಅಲನ್ ಬೇಟ್ಸ್ ಮತ್ತು ಜೊತೆಗಾರರು 2009ರಲ್ಲಿ ಫೆನ್ನಿ ಕಾಂಪ್ಟನ್ ಅನ್ನೋ ಹಳ್ಳಿಯ ಸಭಾಭವನದಲ್ಲಿ ಸೇರಿದಾಗ, ತಮ್ಮಂತೆ ಸಿಕ್ಕಿಬಿದ್ದವರು ಇನ್ನೂ ಇದ್ದಾರೆ ಅಂತ ಕಣ್ಣಾರೆ ಕಂಡರು. ಮುಂದೆ 555 ಜನ ಸೇರಿ ಹೂಡಿದ ಮೊಕದ್ದಮೆಯಲ್ಲಿ 2019ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ತಂತ್ರಾಂಶದ ದೋಷಗಳನ್ನು ಒಂದೊಂದಾಗಿ ಗುರುತಿಸಿತು. 2024ರಲ್ಲಿ ಪಾರ್ಲಿಮೆಂಟ್ ವಿಶೇಷ ಕಾಯ್ದೆ ಮಾಡಿ ಶಿಕ್ಷೆಗಳನ್ನು ರದ್ದು ಮಾಡಬೇಕಾಯ್ತು. ಅಷ್ಟರಲ್ಲಿ ಇಪ್ಪತ್ತು ವರ್ಷ ಕಳೆದಿತ್ತು, ಕೆಲವರು ಬದುಕಿರಲಿಲ್ಲ. ಆ ತೀರ್ಪಿನಲ್ಲಿ ಒಂದು ದೋಷದ ಹೆಸರು ‘ಡಾಲ್ಮೆಲಿಂಗ್ಟನ್ ಬಗ್’. ಡಾಲ್ಮೆಲಿಂಗ್ಟನ್ ಅಂದರೆ ಸ್ಕಾಟ್ಲೆಂಡಿನ ಒಂದು ಹಳ್ಳಿ.

ನಮ್ಮಲ್ಲಿ ಹೀಗೆ ಜೈಲಿಗೆ ಹಾಕಿಲ್ಲ ನಿಜ. ಆದರೆ ‘ನಿಮ್ಮದೊಬ್ಬರದೇ ಹೀಗೆ ತೋರಿಸ್ತಿದೆ’ ಅನ್ನೋ ಮಾತನ್ನು ಕೌಂಟರಿನ ಈಚೆ ನಿಂತು ಕೇಳದವರು ಯಾರಿದ್ದಾರೆ?

ಕಾಗೋಡಿನ ಕೊಳಗ

ಮಲೆನಾಡಿಗೆ ಈ ಜಗಳ ಹೊಸದಲ್ಲ. ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್‌ನಲ್ಲಿ ಶುರುವಾದ ರೈತ ಸತ್ಯಾಗ್ರಹವನ್ನು ನಾವು ‘ಉಳುವವನೇ ಹೊಲದೊಡೆಯ’ ಅನ್ನೋ ದೊಡ್ಡ ಘೋಷಣೆಯ ಜೊತೆ ನೆನಪಿಟ್ಟುಕೊಂಡಿದ್ದೇವೆ. ಅದರ ಮೊಳಕೆ ಇದ್ದದ್ದು ಒಂದು ಅಳತೆಯ ಪಾತ್ರೆಯಲ್ಲಿ. ಗೇಣಿ ಭತ್ತ ಅಳೆಯೋಕೆ ಒಡೆಯರು ಬಳಸ್ತಿದ್ದ ಕೊಳಗ ಇರಬೇಕಾದ್ದಕ್ಕಿಂತ ದೊಡ್ಡದು ಅನ್ನೋದು ದೀವರ ಗೇಣಿದಾರರ ದೂರು. ಎಚ್. ಗಣಪತಿಯಪ್ಪನವರ ಸಂಘಟನೆ ಈ ಬಿಡಿ ಗೊಣಗಾಟಗಳನ್ನು ಒಂದು ದೂರಾಗಿ ಕಟ್ಟಿತು. ಸಮಾಜವಾದಿಗಳು ಜೊತೆಯಾದರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ತೀರ್ಥಹಳ್ಳಿಯ ಆರಗದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ಗೆದ್ದು ಅದೇ ಪ್ರಶ್ನೆಯನ್ನು ವಿಧಾನಸಭೆಗೆ ಒಯ್ದರು. 1974ರ ಭೂಸುಧಾರಣೆವರೆಗೆ ಅದರ ದಾರಿ ಸಾಗಿತು.

ಗೇಣಿದಾರ ಒಬ್ಬೊಬ್ಬನೇ ಹೋಗಿ ‘ನನ್ನ ಗೇಣಿ ಸ್ವಲ್ಪ ಕಮ್ಮಿ ಮಾಡಿ ಒಡೆಯಾ’ ಅಂದಿದ್ದರೆ ಅದು ಅರ್ಜಿ. ಕೊಳಗವನ್ನೇ ತೋರಿಸಿ ‘ಈ ಅಳತೆ ತಪ್ಪು’ ಅಂದಾಗ ಅದು ರಾಜಕೀಯವಾಯ್ತು. ಕೊಳಗ ಕಣ್ಣಿಗೆ ಕಾಣ್ತಿತ್ತು, ಇನ್ನೊಂದು ಕೊಳಗ ತಂದು ಪಕ್ಕದಲ್ಲಿಟ್ಟು ಅಳೆದು ತೋರಿಸಬಹುದಿತ್ತು. ಇವತ್ತು ನಮ್ಮನ್ನು ಅಳೆಯುವ ಕೊಳಗ ತಂತ್ರಾಂಶದ ಒಳಗಿದೆ. ಅದರ ತಳ ಎಷ್ಟು ಆಳ ಅಂತ ನೋಡೋ ಅವಕಾಶವೇ ಇಲ್ಲ.

ಅಡಿಕೆ, ಕಾಳುಮೆಣಸಿಗೆ ಇರುವ ಹವಾಮಾನ ಆಧಾರಿತ ಬೆಳೆ ವಿಮೆಯನ್ನೇ ತಗೊಳ್ಳಿ. ಬೆಳೆ ನಷ್ಟವನ್ನು ಯಾರೂ ತೋಟಕ್ಕೆ ಬಂದು ನೋಡಲ್ಲ. ಗ್ರಾಮ ಪಂಚಾಯ್ತಿ ಮಟ್ಟದ ಮಳೆಮಾಪಕ ಕಳಿಸಿದ ಅಂಕಿಯಿಂದ ಪರಿಹಾರ ಲೆಕ್ಕ ಆಗುತ್ತೆ. ಕೊಳೆರೋಗಕ್ಕೆ ತೋಟದ ಅಡಿಕೆಯೆಲ್ಲ ಉದುರಿದ್ದರೂ ಯಂತ್ರ ಕೆಟ್ಟು ಮಳೆ ಕಡಿಮೆ ತೋರಿಸಿದ್ದರೆ ಪರಿಹಾರವೂ ಕಡಿಮೆ. ಮಳೆಮಾಪಕ ಸರಿಯಿಲ್ಲ ಅನ್ನೋ ದೂರು ಮಲೆನಾಡಿನ ಬೆಳೆಗಾರರಿಂದ ಮತ್ತೆ ಮತ್ತೆ ಬರ್ತಿದೆ. ಆದರೆ ರೈತನಿಗೆ ಇದು ತಿಳಿಯೋದು ವರ್ಷದ ಕೊನೆಗೆ, ಖಾತೆಗೆ ದುಡ್ಡು ಬಂದಾಗ ಅಥವಾ ಬಾರದಿದ್ದಾಗ. ಜುಲೈ ತಿಂಗಳ ಯಾವುದೋ ಮಂಗಳವಾರ ಯಂತ್ರ ಸುಮ್ಮನಿತ್ತು ಅಂತ ಅವತ್ತೇ ದಾಖಲಿಸುವ, ಅದು ಎಲ್ಲರಿಗೂ ಕಾಣುವ ಒಂದು ಪುಟ ಇದ್ದಿದ್ದರೆ ಜಗಳ ಅವತ್ತೇ ಮುಗೀತಿತ್ತು.

ಬಗರ್‌ಹುಕುಂ ಅರ್ಜಿಗಳ ಪರಿಶೀಲನೆಗೂ ಈಗ ಆ್ಯಪ್ ಮತ್ತು ಉಪಗ್ರಹ ಚಿತ್ರ ಬಂದಿವೆ. ಶರಾವತಿಯಲ್ಲಿ ಮುಳುಗಡೆಯಾಗಿ ಬಂದು, ಅರಣ್ಯವೋ ಕಂದಾಯವೋ ತೀರ್ಮಾನವಾಗದ ನೆಲದಲ್ಲಿ ಎರಡು ತಲೆಮಾರು ಕಳೆದ ಕುಟುಂಬಗಳಿಗೆ ಪರದೆಯ ಮೇಲಿನ ಒಂದು ಗೆರೆ ಅಂದರೆ ಬದುಕೇ. ದಟ್ಟ ಮರಗಳ ಕೆಳಗೆ ಜಿಪಿಎಸ್ ಕೆಲವು ಮೀಟರ್ ಅತ್ತಿತ್ತ ಆಗೋದು ಎಂಜಿನಿಯರುಗಳಿಗೆ ಗೊತ್ತಿರುವ ವಿಷಯ. ಆ ಕೆಲವು ಮೀಟರ್‌ನಲ್ಲಿ ಯಾರ ತೋಟ ಹೋಗುತ್ತೆ ಅನ್ನೋದು ತೋಟದವರಿಗೆ ಮಾತ್ರ ಗೊತ್ತು.

ಆಕ್ಷೇಪಗಳೂ ಇವೆ

ದೋಷಗಳ ಪಟ್ಟಿ ಬಹಿರಂಗ ಮಾಡಿದರೆ ದಾಳಿಕೋರರಿಗೆ ದಾರಿ ತೋರಿಸಿದ ಹಾಗಾಗಲ್ವಾ ಅನ್ನೋದು ಮೊದಲ ಆಕ್ಷೇಪ. ಇದು ಸುಳ್ಳು ಭಯ ಅಲ್ಲ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ಮೇಲೆ ನಕಲಿ ಬೇಡಿಕೆಗಳ ಮಳೆ ಸುರಿಸಿ ಸೇವೆ ನಿಲ್ಲಿಸಿದ ದಾಳಿ ನಡೆದಿದೆ. ಆದರೆ ಭದ್ರತೆಯ ದೋಷಗಳನ್ನು ಗುಟ್ಟಾಗಿ ತಿಳಿಸಿ, ಸರಿಪಡಿಸಿದ ಮೇಲೆ ಪ್ರಕಟಿಸುವ ರೂಢಿ ಜಗತ್ತಿನಲ್ಲೆಲ್ಲ ಇದೆ. ಹೆಸರು ಹೊಂದಾಣಿಕೆ ಆಗ್ತಿಲ್ಲ, ಪಟ್ಟಿಯಲ್ಲಿ ನಮ್ಮ ಊರೇ ಇಲ್ಲ ಅನ್ನೋದರಲ್ಲಿ ಯಾವ ಗುಟ್ಟೂ ಇಲ್ಲ.

ಸರ್ಕಾರಕ್ಕೆ ಇದು ಸಾಧ್ಯವಿಲ್ಲ ಅನ್ನೋದು ಎರಡನೆಯದು. 2020ರ ಮೇನಲ್ಲಿ, ಆರೋಗ್ಯ ಸೇತು ಬಗ್ಗೆ ಅನುಮಾನಗಳು ಏರಿದಾಗ, ಕೇಂದ್ರ ಸರ್ಕಾರವೇ ಆ ಆ್ಯಪ್‌ನ ಮೂಲ ಕೋಡನ್ನು ಪ್ರಕಟಿಸಿ, ದೋಷ ಹುಡುಕಿದವರಿಗೆ ಬಹುಮಾನ ಘೋಷಿಸಿತ್ತು. ಒತ್ತಡ ಬಂದಾಗ ಸಾಧ್ಯವಾಗಿದ್ದು ಒತ್ತಡ ಇಲ್ಲದಾಗ ಅಸಾಧ್ಯ ಅನಿಸುತ್ತೆ, ಅಷ್ಟೆ.

ಜನಕ್ಕೆ ಇದೆಲ್ಲ ಅರ್ಥ ಆಗಲ್ಲ ಅನ್ನೋದು ಮೂರನೆಯದು, ಎಲ್ಲಕ್ಕಿಂತ ಹೆಚ್ಚು ಕೇಳಿಬರುವಂಥದ್ದು. ಕಂಪ್ಯೂಟರಿನಲ್ಲಿ ಕನ್ನಡ ನೆಟ್ಟಗಾಗಿದ್ದು ಹೇಗೆ ಅಂತ ನೆನಪಿಸಿಕೊಳ್ಳಿ. ಒಬ್ಬರ ಫಾಂಟಿನಲ್ಲಿ ಟೈಪ್ ಮಾಡಿದ್ದು ಇನ್ನೊಬ್ಬರ ಕಂಪ್ಯೂಟರಿನಲ್ಲಿ ಕಲಸುಮೇಲೋಗರ ಆಗ್ತಿದ್ದ ಕಾಲದಲ್ಲಿ ಗದ್ದಲ ಎಬ್ಬಿಸಿದವರಲ್ಲಿ ಸಾಹಿತಿಗಳು, ಪತ್ರಕರ್ತರು, ಡಿಟಿಪಿ ಮಾಡುವವರು ಇದ್ದರು. ತೀರ್ಥಹಳ್ಳಿಯ ಕುಪ್ಪಳಿಯಲ್ಲಿ ಹುಟ್ಟಿ ಮೂಡಿಗೆರೆಯಲ್ಲಿ ತೋಟ ಮಾಡಿದ ಪೂರ್ಣಚಂದ್ರ ತೇಜಸ್ವಿ ಕನ್ನಡ ತಂತ್ರಾಂಶದ ಬಗ್ಗೆ ಬಳಕೆದಾರರ ಪರವಾಗಿ ಪಟ್ಟು ಹಿಡಿದು ಮಾತಾಡಿದರು. ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುವೆಂಪು ತಂತ್ರಾಂಶದ ಹಿಂದೆ ಅವರ ಒತ್ತಾಸೆ ಇತ್ತು. ಬಳಸುವವರಿಗೆ ಕೋಡ್ ಬರೆಯೋಕೆ ಬರದಿರಬಹುದು. ಎಲ್ಲಿ ಚುಚ್ಚುತ್ತೆ ಅಂತ ಅವರಷ್ಟು ನಿಖರವಾಗಿ ಇನ್ಯಾರೂ ಹೇಳಲಾರರು.

ನಾಲ್ಕನೆಯದು, ಟವರ್ ಹಾಕಿದರೆ ಎಲ್ಲ ಸರಿಹೋಗುತ್ತೆ ಅನ್ನೋ ವಾದ. ಟವರ್ ಬೇಕು, ಅನುಮಾನವಿಲ್ಲ. 24,680 ಹಳ್ಳಿಗಳಿಗೆ 4ಜಿ ಮುಟ್ಟಿಸಲು 26,316 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ 2022ರ ಜುಲೈನಲ್ಲೇ ಒಪ್ಪಿಗೆ ಕೊಟ್ಟು ಬಿಎಸ್‌ಎನ್‌ಎಲ್‌ಗೆ ವಹಿಸಿದೆ. ಆದರೆ ಟವರ್ ಬಂದರೂ ಪಹಣಿಯ ಈರಪ್ಪ ಆಧಾರಿನ ವೀರಪ್ಪ ಆಗಲ್ಲ. ಸವೆದ ಬೆರಳಿಗೆ ಗೆರೆ ಮೂಡಲ್ಲ.

ಹಾಗಾದರೆ ಏನು ಕೇಳಬೇಕು?

ಕರ್ನಾಟಕ ಹಿಂದೆ ಇಂಥ ಕೆಲಸ ಮಾಡದ ರಾಜ್ಯವಲ್ಲ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಭೂಮಿ ಯೋಜನೆಯಲ್ಲಿ ಗಣಕೀಕರಿಸಿದಾಗ ದೇಶವೇ ತಿರುಗಿ ನೋಡಿತ್ತು. ಇಪ್ಪತ್ತು ವರ್ಷ ದಾಟಿದೆ, ಮುಂದಿನ ಹೆಜ್ಜೆ ಇಡಬೇಕು. ನನ್ನ ಪ್ರಕಾರ ಅದು ನಾಲ್ಕು ಮಾತಿನಲ್ಲಿದೆ.

ಒಂದು, ಜನರ ಹಕ್ಕಿಗೆ ಸಂಬಂಧಿಸಿದ ಪ್ರತಿ ಆ್ಯಪ್‌ಗೂ ಕನ್ನಡದಲ್ಲಿ ಬಹಿರಂಗ ದೋಷಪಟ್ಟಿ. ದೂರುದಾರರ ಹೆಸರು, ಆಧಾರ್ ಏನೂ ಬೇಡ. ದೋಷ ಏನು, ಯಾವ ಊರು, ಯಾವತ್ತು ಬಂತು, ಏನು ಮಾಡಿದಿರಿ, ಇಷ್ಟು ಸಾಕು.

ಎರಡು, ಯಾವುದೇ ಆ್ಯಪ್ ಕಡ್ಡಾಯ ಮಾಡುವ ಮುಂಚೆ ಅತಿ ಕಷ್ಟದ ಜಾಗದಲ್ಲಿ ಪರೀಕ್ಷೆ. ತುಮರಿಯಲ್ಲಿ ಜುಲೈ ತಿಂಗಳಲ್ಲಿ ಕೆಲಸ ಮಾಡಿದ್ದು ವಿಧಾನಸೌಧದ ಎದುರು ಖಂಡಿತ ಕೆಲಸ ಮಾಡುತ್ತೆ. ತಿರುಗಾ ಮುರುಗಾ ಆಗಲ್ಲ.

ಮೂರು, ಯಂತ್ರ ಕೈಕೊಟ್ಟ ದಿನ ಕಾಗದಕ್ಕೆ ಕಾನೂನಿನ ಬಲ. ಸರ್ವರ್ ಇಲ್ಲ ಅಂದರೆ ಕೈಬರಹದ ಹಾಜರಿ, ಕೈಬರಹದ ಸ್ವೀಕೃತಿ ನಡೀಬೇಕು. ಸಕಾಲದ ಗಡಿಯಾರ ಆ ಚೀಟಿಯ ತಾರೀಖಿನಿಂದ ಓಡಬೇಕು.

ನಾಲ್ಕು, ತಿರಸ್ಕರಿಸಿದಾಗ ಕಾರಣವನ್ನು ಬಿಡಿಸಿ ಹೇಳಬೇಕು. ‘ಅರ್ಹರಲ್ಲ’ ಅಂದರೆ ಸಾಲದು. ಯಾವ ದಾಖಲೆಯ ಯಾವ ಅಕ್ಷರ ಹೊಂದಲಿಲ್ಲ ಅಂತ ಬರೆದುಕೊಟ್ಟರೆ ಅದನ್ನು ಪ್ರಶ್ನಿಸಬಹುದು.

ಸರ್ಕಾರ ಇದನ್ನು ಮಾಡುವ ತನಕ ಕಾಯಬೇಕಿಲ್ಲ. ಈ ಲೇಖನ ಓದುವ ನಿಮ್ಮಲ್ಲಿ ಎಷ್ಟೋ ಜನ ಬೆಂಗಳೂರಿನಲ್ಲಿ ಇದೇ ಕೆಲಸ ಮಾಡ್ತೀರಿ. ಕಂಪನಿಯಲ್ಲಿ ಒಂದು ಬಗ್ ರಿಪೋರ್ಟ್ ಹೇಗೆ ಬರೀತೀರೋ ಹಾಗೇ ಊರಿನದನ್ನೂ ಬರೆಯಿರಿ: ಊರು, ತಾರೀಖು, ಹೊತ್ತು, ಆ್ಯಪ್‌ನ ಆವೃತ್ತಿ, ಏನು ಒತ್ತಿದಿರಿ, ಏನು ಆಗಬೇಕಿತ್ತು, ಏನಾಯ್ತು, ಜೊತೆಗೊಂದು ಸ್ಕ್ರೀನ್‌ಶಾಟ್. ಆಧಾರ್ ಸಂಖ್ಯೆ ಮಾತ್ರ ಅಳಿಸಿ. ರಜೆಗೆ ಊರಿಗೆ ಹೋದಾಗ ಗ್ರಾಮ ಒನ್ ಹುಡುಗನ ಪಕ್ಕ ಒಂದು ತಾಸು ಕೂತು ಅವನ ಕೈಪಿಡಿಯನ್ನು ಬರೆದಿಟ್ಟುಕೊಳ್ಳಿ. ಇಂಥ ಹತ್ತು ವರದಿ ಸೇರಿದರೆ ಗ್ರಾಮಸಭೆಯಲ್ಲಿ ಇಟ್ಟು ನಿರ್ಣಯ ಮಾಡಿಸಬಹುದು. ನಿರ್ಣಯಕ್ಕೆ ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕೇಳಬಹುದು: ಕಳೆದ ವರ್ಷ ಸರ್ವರ್ ಎಷ್ಟು ಗಂಟೆ ನಿಂತಿತ್ತು, ನಮ್ಮ ಪಂಚಾಯ್ತಿಯ ಮಳೆಮಾಪಕ ಎಷ್ಟು ದಿನ ಅಂಕಿ ಕಳಿಸಿಲ್ಲ, ಈ ದೋಷ ಸರಿಪಡಿಸಲು ಕಂಪನಿಗೆ ಯಾವಾಗ ಪತ್ರ ಬರೆದಿರಿ? ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು.

‘ನಮ್ಮಲ್ಲಿ ಸರಿಯಾಗೇ ಇದೆ’ ಅನ್ನೋ ಮಾತು ಒಬ್ಬರೇ ನಿಂತಾಗ ಬಾಯಿ ಮುಚ್ಚಿಸುತ್ತೆ. ಹೊಸನಗರದವರ ವರದಿ, ತೀರ್ಥಹಳ್ಳಿಯವರ ವರದಿ, ಸಾಗರದವರ ವರದಿ ಒಂದೇ ಮೇಜಿನ ಮೇಲೆ ಪಕ್ಕಪಕ್ಕ ಬಿದ್ದಾಗ ಅದನ್ನು ಹೇಳೋದು ಕಷ್ಟ. ಮುಂದಿನ ಮಳೆಗಾಲಕ್ಕೆ ಮೊದಲು ಮೂರೂ ತಾಲೂಕಿನ ಮಳೆಮಾಪಕಗಳಿಂದಲೇ ಶುರು ಮಾಡಬಹುದು. ಅವು ಎಲ್ಲಿವೆ ಅಂತ ಊರಿನವರಿಗೆ ಗೊತ್ತೇ ಇದೆ.